ಡಬ್ಬಿಯೊಳಗಿನ ಯೂನಿವರ್ಸ್

ಮಾರ್ಚ್ 4, ಮಧ್ಯಾಹ್ನ

ಮತ್ತೆ ಅದೇ ಹಾಡು. ಕರಡಿ ಕಾಡಿನಿಂದ ಬರುತ್ತದೆ. ಕಾರು ರಸ್ತೆಯಲ್ಲಿ ಬರುತ್ತದೆ. ಬೊಂಬೆ ಬಾಲ್ಕನಿಯಲ್ಲಿ ನಿಂತು ನೋಡುತ್ತದೆ. ಆಮೇಲೆ? ಆಮೇಲೆ ನನ್ನ ತಲೆ. ಈ ಡ್ರಾಫ್ಟೂ ಕಸದ ಬುಟ್ಟಿಗೆ.

ಬಾಸ್ ನೆಲದ ಮೇಲೆ ನಿಲ್ಲುತ್ತಿಲ್ಲ. ಮೂರು ಆಟಿಕೆ ಕಂಪನಿಗಳಿಂದ ಸಿನಿಮಾ ಹಕ್ಕು ತಂದಿದ್ದಾರೆ — ಡುಮ್ಮಣ್ಣ ಕರಡಿ, ಜುಮ್ ಕಾರು, ಚಿನ್ನಿ ಬೊಂಬೆ. ಮೂರಕ್ಕೂ ಒಂದೇ ಲೋಕವಂತೆ. ಇವರ ಸಿನಿಮಾದಲ್ಲಿ ಅವರು, ಅವರ ಸಿನಿಮಾದಲ್ಲಿ ಇವರು. "ಯೂನಿವರ್ಸ್ ರೀ, ಯೂನಿವರ್ಸ್!" ಎಂದು ಕೈ ಅಗಲಿಸಿದರು. ನನ್ನ ಟೀ ಲೋಟ ನೆಲಕ್ಕೆ.

ಬಯ್ದುಕೊಳ್ಳುತ್ತೇನೆ, ಆದರೆ ಆಸೆ ನನಗೂ ಇದೆ. ಇಷ್ಟು ವರ್ಷ ಬೇರೆಯವರ ಕಥೆಗೆ ಸಂಭಾಷಣೆ ಬರೆದು ಬೆರಳು ಸವೆಯಿತು. ಇದೊಂದು ಓಕೆ ಆದರೆ ಪರದೆಯ ಮೇಲೆ "ಕಥೆ" ಅಂತ ಬಂದು, ಕೆಳಗೆ ನನ್ನ ಹೆಸರು. ಒಂದೇ ಒಂದು ಸಲ ನೋಡಬೇಕು.

ಮಾರ್ಚ್ 6

ಕಂಪನಿಗಳ ಷರತ್ತು ಬಂತು. ಕರಡಿ ಯಜಮಾನರು — ನಮ್ಮ ಡುಮ್ಮಣ್ಣ ಹೆದರಬಾರದು. ಕಾರಿನ ಯಜಮಾನರು — ನಮ್ಮ ಜುಮ್ ಎಲ್ಲೂ ಗುದ್ದಬಾರದು. ಬೊಂಬೆ ಕಂಪನಿ ಮೇಡಂ — ನಮ್ಮ ಚಿನ್ನಿಗೆ ಚೂರೂ ಕೊಳೆಯಾಗಬಾರದು.

ಇವರನ್ನಿಟ್ಟುಕೊಂಡು ಕಥೆ ಮಾಡಬೇಕಂತೆ. ನನ್ನ ಕರ್ಮ!

ನಮ್ಮ ಚಿತ್ರಕಾರ ಪೆನ್ಸಿಲ್ (ಕಡ್ಡಿ ಹಾಗಿದ್ದಾನೆ, ಅದಕ್ಕೇ ಆ ಹೆಸರು) ಸಲಹೆ ಕೊಟ್ಟ. "ಮೇಡಂ, ಮೂರೂ ಜನ ಸಾಲಾಗಿ ನಿಂತು ಫೋಟೋ ತೆಗೆಸ್ಕೊಂಡ್ರು ಅಂತ ಬರೆದ್ಬಿಡಿ. ಶುಭಂ."

ಮಾರ್ಚ್ 13, ಮಧ್ಯಾಹ್ನ

ಒಂದು ವಾರ ಏನೂ ಬರೆದಿಲ್ಲ. ಬರೆಯುವಂಥದ್ದು ಏನೂ ಹೊಳೆಯಲಿಲ್ಲ.

ನಾಳೆ ಮೀಟಿಂಗ್. ಮೂವರು ಯಜಮಾನರೂ ಬರುತ್ತಾರೆ. ಒಪ್ಪಲಿಲ್ಲ ಅಂದರೆ ಹಕ್ಕು ವಾಪಸ್, ನನ್ನ ಹೆಸರಿಗೆ ಎಳ್ಳುನೀರು.

ಮೂರೂ ಆಟಿಕೆಗಳ ಸ್ಯಾಂಪಲ್ ಡಬ್ಬಿಗಳನ್ನು ಮನೆಗೆ ತಂದಿದ್ದೇನೆ, ನಾಳೆ ನೇರ ಅಲ್ಲಿಗೇ ಒಯ್ಯಬೇಕು. ಆಫೀಸಿನ ರೂಲ್ಸು — ಸ್ಯಾಂಪಲ್ ಬಿಚ್ಚಬಾರದು, ಹಾಗೇ ಹಿಂದಿರುಗಿಸಬೇಕು. ಹಾಗಾಗಿ ಇಷ್ಟು ದಿನ ಪ್ಲಾಸ್ಟಿಕ್ ಕಿಟಕಿಯಿಂದ ಇಣುಕಿ ಇಣುಕಿಯೇ ಕಥೆ ಬರೆದಿದ್ದೇವೆ. ಮುಟ್ಟಿದವರು ಒಬ್ಬರೂ ಇಲ್ಲ.

ಮಾರ್ಚ್ 13, ಸಂಜೆ

ಅಯ್ಯೋ ದೇವರೇ.

ತರಕಾರಿ ತಂದು ಬಾಗಿಲು ತೆಗೆದರೆ — ಹಾಲ್ ತುಂಬ ರಟ್ಟಿನ ಚೂರು. ಮಧ್ಯೆ ಅತ್ತೆ, ಕಾಲು ನೀಡಿ ಕೂತಿದ್ದಾರೆ.

"ಅತ್ತೆ! ಏನ್ ಮಾಡ್ಬಿಟ್ರಿ!"

"ಪಾಪ, ಉಸಿರು ಕಟ್ಕೊಂಡು ಕೂತಿದ್ವು. ಬಿಚ್ಚಿದೆ."

"ಅವು ಆಟಕ್ಕಲ್ಲ ಅತ್ತೆ!"

"ಆಟದ ಸಾಮಾನು ಆಟಕ್ಕಲ್ದೆ ಮತ್ತೇನು, ಉಪ್ಪಿನಕಾಯಿ ಹಾಕೋಕಾ?"

ಡುಮ್ಮಣ್ಣನನ್ನು ಜುಮ್ ಮೇಲೆ ಕೂರಿಸಿದ್ದರು. ಕಾರು ಅಂಗೈಯಷ್ಟು, ಕರಡಿ ದಿಂಬಿನಷ್ಟು. ಕಾರಿಗೆ ಬ್ರೇಕ್ ಇಲ್ಲವಂತೆ, ಡುಮ್ಮಣ್ಣ ಗಡಗಡ ನಡುಗಿದನಂತೆ. ಸೋಫಾ ಕಾಲಿಗೆ ಗುದ್ದಿ ಚಕ್ರ ಕಿತ್ತುಬಂದಿದೆ. ಚಿನ್ನಿ ಮೆಕ್ಯಾನಿಕ್. ಮುಖಕ್ಕೆಲ್ಲ ಕಾಫಿ ಪುಡಿ — ಅದು ಗ್ರೀಸಂತೆ.

ಒಂದೇ ಮಧ್ಯಾಹ್ನದಲ್ಲಿ ಮೂರೂ ಷರತ್ತು ಢಮಾರ್. ಅಳು ಬಂತು. ಬಯ್ಯಲೆಂದೇ ಬಾಯಿ ತೆರೆದೆ. ಹೊರಗೆ ಬಂದದ್ದು ಬೇರೆ. "ಆಮೇಲೆ ಏನಾಯ್ತು?"

"ಕೂತ್ಕೊಳೇ ಮೊದ್ಲು. ಮೂರು ದನಿ ನಾನೊಬ್ಳೇ ಎಲ್ಲಿಂದ ತೆಗೀಲಿ?"

ಕೂತೆ. ಕರಡಿ ನನ್ನ ಪಾಲಿಗೆ. ಊಟಕ್ಕೆ ಬರೀ ಬ್ರೆಡ್ಡು.

ಮಾರ್ಚ್ 14

ಮೀಟಿಂಗ್ ಮುಗಿಸಿ ಈಗಷ್ಟೇ ಬಂದೆ. ನೆನಪಿದ್ದಷ್ಟು ಬರೆಯುತ್ತೇನೆ.

ಚೀಲದಿಂದ ಮೂರನ್ನೂ ತೆಗೆದು ಮೇಜಿನ ಮೇಲಿಟ್ಟೆ. ಬಾಸ್ ಮುಖ ಸುಣ್ಣ ಬಳಿದಂತಾಯಿತು. ಕಾರಿನ ಯಜಮಾನರು ಜುಮ್ ಎತ್ತಿದರು. ಚಕ್ರ ಉರುಳಿಹೋಯಿತು.

"ಯಾರ್ರೀ ಮುರಿದಿದ್ದು?"

ನಾನೇ ಬಾಯಿ ಬಿಟ್ಟೆ. "ಡುಮ್ಮಣ್ಣ, ಸರ್. ಮೇಲೆ ಕೂತ. ಚಿನ್ನಿ ಮೆಕ್ಯಾನಿಕ್, ರಿಪೇರಿ ಮಾಡ್ತಿದ್ದಾಳೆ."

"ನಮ್ಮ ಡುಮ್ಮಣ್ಣ ಅಷ್ಟೇನೂ ಭಾರ ಇಲ್ಲ!" ಕರಡಿ ಯಜಮಾನರಿಗೆ ರೋಷ.

"ಕೂರ್ಸಿ ನೋಡೋಣ, ಗೊತ್ತಾಗುತ್ತೆ!" ಎಂದರು ಕಾರಿನವರು.

ಚಕ್ರ ಸಿಕ್ಕಿಸಿದರು. ಕೂರಿಸಿದರು. ಫೈಲು ಓರೆ ಹಿಡಿದು ಇಳಿಜಾರು ಮಾಡಿದರು. ಕಾರಿನ ಯಜಮಾನರು ತಾವೇ "ಡುರ್ರ್ರ್" ಎಂದು ಬಿಟ್ಟರು. ನೀರಿನ ಜಗ್ಗಿಗೆ ಡಿಕ್ಕಿ! ಮೇಜೆಲ್ಲ ನೀರು.

"ಅಯ್ಯೋ ನನ್ ಕಂದ, ಹೆದರ್ಬಿಟ್ಟ!" ಕರಡಿ ಯಜಮಾನರು ಡುಮ್ಮಣ್ಣನನ್ನು ಎದೆಗವಚಿಕೊಂಡರು. ಕೋಟು ಒದ್ದೆ.

ಬಾಸ್ ಗಾಬರಿಯಲ್ಲಿ ಚಿನ್ನಿಯ ಮುಖ ಒರೆಸಲು ಹೋದರು. ಬೊಂಬೆ ಕಂಪನಿ ಮೇಡಂ ಅವರ ಕೈ ಹಿಡಿದರು. "ಬಿಡ್ರೀ. ಮೆಕ್ಯಾನಿಕ್ ಅಂದ್ಮೇಲೆ ಗ್ರೀಸ್ ಇರ್ಬೇಡ್ವಾ?"

ಬಾಸ್ ಮಾಡಿಸಿದ್ದ ಸ್ಲೈಡು ಯಾರೂ ನೋಡಲಿಲ್ಲ. ಪೆನ್ಸಿಲ್ ಮೂಲೆಯಲ್ಲಿ ಗೀಚಿದ್ದೇ ಗೀಚಿದ್ದು. ಷರತ್ತುಗಳನ್ನು ಮೂವರೂ ತಮ್ಮ ಕೈಯಾರೆ ಹೊಡೆದುಹಾಕಿದರು. ಆಮೇಲೆ ಮೊದಲ ಸಿನಿಮಾ ಯಾರದ್ದು ಎಂದು ಜಗಳ ಶುರು. ಒಪ್ಪಿದರು ಅಂತಲೇ ಅರ್ಥ.

ಲಿಫ್ಟಿನಲ್ಲಿ ಒಬ್ಬಳೇ ಕುಣಿದೆ. ನಾಚಿಕೆಯೇನಿಲ್ಲ.

ಏಪ್ರಿಲ್ 2, ಬೆಳಿಗ್ಗೆ

ಈಗಷ್ಟೇ ಬಾಸ್ ಫೋನ್. ಪೋಸ್ಟರ್ ಪ್ರೆಸ್ಸಿಗೆ ಹೋಗುತ್ತಿದೆ. "ಕಥೆ ಅಂತ ನಿಮ್ಮ ಹೆಸರೇ ರೀ. ಹೆಂಗೆ ಹಾಕ್ಲಿ?"

ಎಷ್ಟು ವರ್ಷ ಈ ಪ್ರಶ್ನೆಗೆ ಕಾದಿದ್ದೆ. ಹೇಳಿದೆ. ಹೇಳಿದ ಮೇಲೆ ಕಾಫಿ ಪುಡಿ ಮೆತ್ತಿದ ಚಿನ್ನಿಯ ಮುಖ ನೆನಪಾಯಿತು.

"ಸರ್, ಇರಿ. ಎರಡು ಹೆಸರು. ಇನ್ನೊಂದು ಮೇಲೆ ಬರ್ಬೇಕು."

ಅಡುಗೆಮನೆಗೆ ಓಡಿದೆ. "ಅತ್ತೆ, ನಿಮ್ಮ ಪೂರ್ತಿ ಹೆಸರು ಹೇಳಿ, ಬೇಗ." ಇಷ್ಟು ವರ್ಷ ಒಂದೇ ಒಲೆಯ ಮುಂದೆ ನಿಂತಿದ್ದೇವೆ, ಒಮ್ಮೆಯೂ ಕೇಳಿರಲಿಲ್ಲ.

"ಯಾಕೇ? ಯಾವ ಅರ್ಜಿಗೆ?"

"ಸಿನಿಮಾಕ್ಕೆ. ಕಥೆ ಯಾರದ್ದು ಅಂತ ಹಾಕೋಕೆ."

ಸೌಟು ಕೆಳಗಿಟ್ಟರು. ಸೆರಗಿಗೆ ಕೈ ಒರೆಸಿದರು. ಆಮೇಲೆ ನನ್ನ ಕೈಯಿಂದ ಫೋನ್ ಕಿತ್ತುಕೊಂಡು, ಹಾಜರಿ ಹೇಳುವಷ್ಟು ಗಟ್ಟಿಯಾಗಿ, ತವರಿನ ಇನಿಷಿಯಲ್ ಸಮೇತ ಹೇಳಿದರು. ಎರಡು ಸಲ. "ದೊಡ್ಡ ಅಕ್ಷರದಲ್ಲಿ ಹಾಕಪ್ಪ, ಕನ್ನಡಕ ಇಲ್ದೆ ಕಾಣ್ಬೇಕು."

ಫೋನ್ ಇನ್ನೂ ವಾಪಸ್ ಕೊಟ್ಟಿಲ್ಲ. ಎರಡನೇ ಸಿನಿಮಾದ ಕಥೆ ಬಾಸ್‌ಗೆ ಹೇಳುತ್ತಿದ್ದಾರೆ — ಚಿನ್ನಿ ಗ್ಯಾರೇಜ್ ಇಡುತ್ತಾಳಂತೆ, ಡುಮ್ಮಣ್ಣ ಡ್ರೈವಿಂಗ್ ಕಲಿಯೋಕೆ ಬಂದು — ಅಯ್ಯೋ, ಒಲೆಯ ಮೇಲೆ ಹಾಲು —