ರಾಣಿಯ ಏನೂ ಕೆತ್ತದ ಗುರಾಣಿ

ರಾಜಲಾಂಛನಗಳ ಮುಖ್ಯಾಧಿಕಾರಿಗಳೇ,

ಎವೊರಾ ಊರಾಚೆಯ ಕನ್ಯಾಮಠದಲ್ಲಿ ಒಂದು ಸಮಾಧಿಯಿದೆ. ಅದರ ಮೇಲೆ ನಿಮ್ಮ ಅಪ್ಪಣೆಯಂತೆ ಕಲ್ಲಿನ ಗುರಾಣಿಯೊಂದನ್ನು ಕೂರಿಸಿದ್ದಾರೆ. ಗುರಾಣಿಯ ಮೇಲೆ ಏನೂ ಇಲ್ಲ. ಕೆಳಗೆ ಮಲಗಿರುವವಳು ದೋನಾ ಅಲ್ದೋನ್ಸಾ, ಹನ್ನೆರಡು ವರ್ಷ ಈ ಪೋರ್ಚುಗಲ್ಲಿನ ರಾಣಿಯಾಗಿದ್ದವಳು. ಆ ಗುರಾಣಿಯಲ್ಲಿ ಆಕೆಗೆ ಸಲ್ಲಬೇಕಾದ ಲಾಂಛನವನ್ನು ಕೆತ್ತಿಸಿ ಎಂದು ಕೇಳಲು ನಿಮ್ಮ ಕಚೇರಿಗೆ ಬಂದಿದ್ದೆ. ನೀವು ಒಳಗಿಲ್ಲವೆಂದು ಒಳಗಿನಿಂದಲೇ ಹೇಳಿಕಳಿಸಿದಿರಿ. ಹಾಗಾಗಿ ಈ ಪತ್ರವನ್ನು ಚರ್ಚಿನ ಬಾಗಿಲಿಗೆ ಮೊಳೆ ಹೊಡೆದು ಹಚ್ಚಿದ್ದೇನೆ. ಓದಬಲ್ಲವರು ಓದಲು ಬಾರದವರಿಗೆ ಓದಿ ಹೇಳಲಿ.

ಆಕೆ ಗಡಿ ದಾಟಿ ಬಂದ ದಿನ ಸೇತುವೆಯ ಈ ತುದಿಯಲ್ಲಿ ನಿಂತು ಕೈಹಿಡಿದು ಕರೆದುಕೊಂಡವಳು ನಾನು. ಆಕೆಗೆ ನಮ್ಮ ಭಾಷೆ ಕಲಿಸುವುದು ಅರಮನೆ ನನಗೆ ಒಪ್ಪಿಸಿದ ಕೆಲಸ. ಆಕೆಗೆ ಆಗ ವಯಸ್ಸು ಹದಿಮೂರು. ದೊರೆಗೆ ಆಗಲೇ ಗಡ್ಡ ನರೆಯುತ್ತಿತ್ತು. ಆಕೆ ಬೆಟ್ಟಗಳಾಚೆಯ ಪುಟ್ಟ ರಾಜ್ಯದ ಮಗಳು. ಹಸಿರು ನೆಲದ ಮೇಲೆ ಬೆಳ್ಳಿಯ ಕೊಕ್ಕರೆ ಆಕೆಯ ತಂದೆಯ ಮನೆತನದ ಗುರುತು. ಜೊತೆಗೆ ಬಂದಿದ್ದ ಹೆಂಗಸರನ್ನು ಸೇತುವೆಯ ನಡುವಿನಿಂದಲೇ ಹಿಂದಕ್ಕೆ ಕಳಿಸಲಾಯಿತು. ಅಳುತ್ತಿದ್ದ ಹುಡುಗಿಯ ಮುಂದೆ ನೀವು ಹೊಸದಾಗಿ ಬಣ್ಣ ಬಳಿದ ಗುರಾಣಿ ಹಿಡಿದಿರಿ. ಬಲಭಾಗದಲ್ಲಿ ನಮ್ಮ ದೊರೆಯ ಐದು ನೀಲಿ ಗುರಾಣಿಗಳು, ಎಡಭಾಗದಲ್ಲಿ ಕೊಕ್ಕರೆ.

"ನನ್ನ ಕೊಕ್ಕರೆನ ಯಾಕೆ ಆ ಕಡೆ ಇಟ್ಟಿದೀರಿ?" ಎಂದು ಆಕೆ ಕೇಳಿದಳು.

"ಬಲಗಡೆ ಗಂಡಂದು, ಎಡಗಡೆ ಹೆಂಡ್ತೀದು, ತಾಯಿ. ಎರಡೂ ಸೇರಿ ಒಂದೇ ಗುರಾಣಿ. ಇನ್ಮೇಲೆ ಇದನ್ನ ಯಾರೂ ಬೇರೆ ಮಾಡೋಕಾಗಲ್ಲ," ಎಂದವರು ತಾವೇ.

ಲಿಸ್ಬನ್ನಿನ ನದಿದಂಡೆಯ ಮೀನಿನ ಹೆಂಗಸರು ಆಕೆಯನ್ನು ಕೊಕ್ಕರೆ ರಾಣಿ ಎಂದೇ ಕರೆದರು. "ಸ್ವಲ್ಪ ಮೀನು ಜಾಸ್ತಿ ತಿನ್ನಿಸ್ರಮ್ಮ, ನಿಮ್ಮ ಕೊಕ್ಕರೆ ಕಾಲು ಬರೀ ಕಡ್ಡಿ ಆಗಿದೆ," ಎಂದು ಒಬ್ಬಳು ಪಲ್ಲಕ್ಕಿಗೆ ಕೇಳುವಂತೆ ಕೂಗಿದಾಗ, ನಾನು ಅರ್ಥ ಬಿಡಿಸಿ ಹೇಳಿದ ಮೇಲೆ ಆಕೆ ಊರಿಗೆ ಬಂದು ಮೊದಲ ಸಲ ನಕ್ಕಳು. ಆಮೇಲೆ ನಗುವುದಕ್ಕೆ ಹೆಚ್ಚು ಕಾರಣಗಳಿರಲಿಲ್ಲ. ಹೆತ್ತ ಗಂಡುಮಕ್ಕಳಿಬ್ಬರೂ ತೊಟ್ಟಿಲಲ್ಲೇ ಹೋದರು. ಉಳಿದದ್ದು ಸಾಂಚಾ ಎಂಬ ಮಗಳು.

ಅಷ್ಟರಲ್ಲಿ ಬೆಟ್ಟದಾಚೆಯ ರಾಜ್ಯ ಯುದ್ಧದಲ್ಲಿ ಸೋತು ಸಣ್ಣದಾಯಿತು; ನೆರೆಯ ದೊಡ್ಡ ರಾಜ್ಯದಲ್ಲಿ ಒಬ್ಬ ರಾಜಕುಮಾರಿ ಮದುವೆಯ ವಯಸ್ಸಿಗೆ ಬಂದಳು. ಕೂಡಲೇ ನಮ್ಮ ಪಂಡಿತರಿಗೆ ಜ್ಞಾನೋದಯವಾಯಿತು: ರಾಜರಾಣಿಯರು ಮುತ್ತಜ್ಜನ ಕಡೆಯಿಂದ ಹತ್ತಿರದ ರಕ್ತಸಂಬಂಧಿಗಳು, ಪೋಪರ ಒಪ್ಪಿಗೆ ಪಡೆದಿರಲಿಲ್ಲ, ಆದ್ದರಿಂದ ಮದುವೆ ನಡೆದೇ ಇಲ್ಲ. ಮೂರು ಹೆರಿಗೆಗಳಾಗುವವರೆಗೆ ಆ ಮುತ್ತಜ್ಜ ಎಲ್ಲಿ ಅಡಗಿದ್ದ, ಸ್ವಾಮಿ? ಯುದ್ಧ ಸೋತವರ ಮನೆಯಲ್ಲಿ ಮಾತ್ರ ನಂಟು ಹೀಗೆ ತಡವಾಗಿ ಪತ್ತೆಯಾಗುತ್ತದೆಯೇ?

ನಿಮ್ಮ ಕಲ್ಲುಕುಟಿಗರು ಅರಮನೆಯ ಬಾಗಿಲ ಮೇಲಿದ್ದ ಜೋಡಿ ಗುರಾಣಿಗೆ ಉಳಿ ಇಟ್ಟ ಬೆಳಿಗ್ಗೆ ಆಕೆ ಬೆಳ್ಳುಳ್ಳಿ, ಕೊತ್ತಂಬರಿ ಹಾಕಿದ ರೊಟ್ಟಿ ಸಾರು ಕುಡಿಯುತ್ತಿದ್ದಳು.

"ಅದೇನು ಸದ್ದು, ಮೆಸಿಯಾ?"

"ಬಾಗಿಲು ರಿಪೇರಿ ಮಾಡ್ತಿದಾರೆ, ಅಮ್ಮ."

"ಬಾಗಿಲು ಮರದ್ದು. ಇದು ಕಲ್ಲು ಒಡೆಯೋ ಸದ್ದು. ನನ್ನನ್ನ ಕೆತ್ತಿ ಹಾಕ್ತಿದಾರೆ, ಅಲ್ವಾ?"

ಆಕೆ ಬಟ್ಟಲಲ್ಲಿದ್ದದ್ದನ್ನು ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು, ಮಗಳನ್ನು ಕರೆತರಲು ಹೇಳಿದಳು. ಮಗಳನ್ನು ಬಿಡಲಿಲ್ಲ. ದೊರೆಯ ರಕ್ತವಾದ್ದರಿಂದ ಸಾಂಚಾ ಅರಮನೆಗೆ ಬೇಕು, ಹೆತ್ತವಳು ಬೇಡ.

ಆಕೆಯನ್ನು ಎವೊರಾದ ಮಠಕ್ಕೆ ಕಳಿಸಿದರು. ಅಲ್ಲಿನ ಚಳಿಯಲ್ಲಿ ಆಕೆ ಕೆಮ್ಮಿ ಕೆಮ್ಮಿ ಸತ್ತಳು. ಆಗ ನಿಮ್ಮ ವಿದ್ವತ್ತು ಮತ್ತೆ ಎಚ್ಚೆತ್ತಿತು. ರಾಣಿಯಲ್ಲದವಳಿಗೆ ನೀಲಿ ಗುರಾಣಿಗಳಿಲ್ಲ. ಮದುವೆಯಾಗಿ ಬಂದವಳಿಗೆ ತವರಿನ ಅನುಮತಿಯಿಲ್ಲದೆ ಕೊಕ್ಕರೆಯೂ ಇಲ್ಲ. ಮದುವೆ ನಡೆದೇ ಇಲ್ಲವೆಂದವರೂ ನೀವೇ, ಮದುವೆಯಾಗಿ ತವರು ಬಿಟ್ಟವಳೆಂದವರೂ ನೀವೇ. ಮಠದ ಹಿರಿಯ ತಾಯಿ ನಿಮ್ಮನ್ನು ಕೇಳಿದ್ದು ನ್ಯಾಯವಾದದ್ದೇ: "ಹಂಗಾದ್ರೆ ನಾವು ಯಾರನ್ನ ಹೂತಿದೀವಿ, ಸ್ವಾಮಿ?" ನೀವು ಕೈಗವಸು ತೊಟ್ಟುಕೊಂಡು ಕುದುರೆ ಹತ್ತಿದಿರಿ.

ಈ ವಸಂತದಲ್ಲಿ ಸಾಂಚಾಳ ಲಾಂಛನ ಬರೆಯಲು ನೀವು ಅರಮನೆಗೆ ಬಂದಾಗ ನಾನು ಅಲ್ಲೇ ಇದ್ದೆ. ಹೆಣ್ಣುಮಕ್ಕಳಿಗೆಂದೇ ಇರುವ ವಜ್ರಾಕಾರದ ಚೌಕಟ್ಟು. ಎಡಭಾಗದಲ್ಲಿ ತಂದೆಯ ಗುರುತು ಬರೆದು ಬಲಭಾಗವನ್ನು ಬಿಳಿಯಾಗಿ ಬಿಟ್ಟಿರಿ.

"ಇದು ಯಾಕೆ ಖಾಲಿ?" ಎಂದಳು ಹುಡುಗಿ.

"ನಿಮ್ಮ ಯಜಮಾನ್ರಾಗೋರು ಬಂದು ತುಂಬ್ತಾರೆ, ರಾಜಕುಮಾರಿ."

"ಅವರು ಬರೋವರೆಗೂ ಅಲ್ಲಿ ಅಮ್ಮನ ಕೊಕ್ಕರೆ ಇರ್ಲಿ. ಬಂದ್ಮೇಲೆ ಅಳಿಸಿ. ನಿಮಗೆ ಅಳಿಸೋದು ಚೆನ್ನಾಗಿ ಬರುತ್ತಲ್ಲ."

ಇದನ್ನು ನಾನೇ ಹೇಳಿಕೊಟ್ಟೆನೆಂದು ತೀರ್ಮಾನಿಸಿ ನನ್ನನ್ನು ಅರಮನೆಯಿಂದ ಹೊರಹಾಕಿದರು. ನಾನು ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವಷ್ಟು ಧೈರ್ಯ ನನಗಿದ್ದಿದ್ದರೆ ಹೆಮ್ಮೆಪಡುತ್ತಿದ್ದೆ. ಹುಡುಗಿಯ ಮದುವೆಯನ್ನು ಬೇಗ ಕುದುರಿಸಿದರು. ಹೊರಡುವ ಮುಂಚೆ ತಾಯಿಯ ಸಮಾಧಿಗೆ ಹೋಗಿ ಬರುತ್ತೇನೆಂದು ಕೇಳಿದಳಂತೆ. ಹೆಸರಿಲ್ಲದ ಸಮಾಧಿಗೆ ರಾಜಕುಮಾರಿ ಹೋಗುವ ಪದ್ಧತಿಯಿಲ್ಲ ಎಂಬ ಉತ್ತರ ಬಂತು. ಸಂತ ಜೋವಾನರ ಹಬ್ಬದ ಮರುದಿನ ಹಡಗು ಹೊರಟಿತು. ದಂಡೆಯ ಜನರ ನಡುವೆ ನಿಂತು ನೋಡಿದೆ. ಬಾವುಟದಲ್ಲಿ ಆ ಬಿಳಿಯ ಜಾಗ ತುಂಬಿತ್ತು, ಯಾರದೋ ಕೆಂಪು ಸಿಂಹ. ಸಾಂಚಾ ಅದರ ಕೆಳಗೆ ನಿಂತಿದ್ದಳು. ನನ್ನನ್ನು ಹುಡುಕುತ್ತಿದ್ದಳೋ ಏನೋ, ಅಷ್ಟು ದೂರಕ್ಕೆ ನನಗೆ ಕಾಣಲಿಲ್ಲ.

ನನ್ನ ಬೇಡಿಕೆ ಇಷ್ಟು. ಆ ಕಲ್ಲಿನ ಮೇಲೆ ನೀಲಿ ಗುರಾಣಿಗಳನ್ನೂ ಕೊಕ್ಕರೆಯನ್ನೂ ಕೆತ್ತಿಸಿ, ದೋನಾ ಅಲ್ದೋನ್ಸಾ ಎಂದು ಹೆಸರು ಹಾಕಿಸಿ. ಮತ್ತೊಂದು: ಸಾಂಚಾಳ ಗಂಡನ ಮನೆಯವರೂ ಮುಂದೊಂದು ದಿನ ಯಾವನೋ ಮುತ್ತಜ್ಜನನ್ನು ಹುಡುಕಿ ತೆಗೆಯಬಹುದು. ಆಗ ಅವಳು ಹಿಂದಿರುಗಿ ಬಂದರೆ, ಇವಳು ನಮ್ಮ ಮಗಳು ಎಂದು ಬಂದರಿನಲ್ಲಿ ನಿಂತು ಹೇಳುವವರು ಒಬ್ಬರಿರಬೇಕು. ಅಷ್ಟು ದಿನ ನಾನು ಬದುಕಿರುವುದಿಲ್ಲ. ಆ ಕೆಲಸವನ್ನು ನಿಮ್ಮ ಕಚೇರಿ ಈಗಲೇ ವಹಿಸಿಕೊಳ್ಳಲಿ.

ಇಂತಿ,
ತಾಯಿಯನ್ನು ಬರಮಾಡಿಕೊಂಡು, ಮಗಳನ್ನು ಬೀಳ್ಕೊಡಲೂ ಆಗದೆ ಉಳಿದ
ಮೆಸಿಯಾ