ಸಬೀನಾಳ ಕಣ್ಣಿಗಿಟ್ಟ ಬಿಳಿ ಚುಕ್ಕೆ

ಲುಗೋಜ್,
ನವೆಂಬರ್ ೩

ಮೊಮ್ಮಗಳು ಇಲಿಂಕಾಳಿಗೆ,

ಈ ಕಾಗದ ನಾನಾಗಿ ಬರೆಯುತ್ತಿರುವುದಲ್ಲ, ಮೊದಲೇ ಹೇಳಿಬಿಡುತ್ತೇನೆ. ನಿಮ್ಮಮ್ಮ ದೋರಿನಾ ಪೆನ್ನು ಹಾಳೆ ತಂದು ನನ್ನ ಮುಂದೆ ಕುಕ್ಕಿ, "ಫೋನಲ್ಲಿ ನೀವು ಬರೀ ಕೂಗಾಡ್ತೀರಿ ಅತ್ತೆ, ಅದಕ್ಕೇ ಅವಳು ಎತ್ತಲ್ಲ. ಬರೀರಿ. ಕಾಗದದಲ್ಲಿ ಕೂಗೋಕಾಗಲ್ಲ" ಅಂದಳು. ಆಗುತ್ತದೋ ಇಲ್ಲವೋ ನೋಡೋಣ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಇಷ್ಟುದ್ದ ಬರೆದದ್ದು ಒಂದೇ ಸಲ, ನಿನ್ನ ತಾತ ಸೈನ್ಯದಲ್ಲಿದ್ದಾಗ. ಆ ಮನುಷ್ಯ ಅದಕ್ಕೆ ಉತ್ತರವನ್ನೇ ಬರೆಯಲಿಲ್ಲ. ನೀನೂ ಅದೇ ರಕ್ತ.

ಹೇಗಿದ್ದೀಯ? ಕೆಮ್ಮು ಹೋಯಿತಾ? ಗೊಂಬೆಗೆ ಬಣ್ಣ ನಿಲ್ಲಿಸುವ ಆ ಸ್ಪ್ರೇ ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೋ ಎಂದು ಎಷ್ಟು ಸಲ ಬಡಿದುಕೊಂಡೆ. ತಿಮಿಶ್ವಾರಾದ ನಿನ್ನ ಕೋಣೆಗೆ ಕಿಟಕಿ ಇದೆಯಂತೆ, ತೆರೆಯುತ್ತದಾ? ಊಟಕ್ಕೆ ಬರೀ ಬ್ರೆಡ್ಡು ತಿನ್ನುತ್ತಿದ್ದೀಯ ಎಂದು ನಿಮ್ಮಮ್ಮ ಹೇಳಿದಳು. ಅವಳೊಡನೆ ಒಂದು ಬಾಟಲಿ ಬದನೆಕಾಯಿ ಗೊಜ್ಜು ಕಳಿಸಿದ್ದೇನೆ. ಬೇಡವಾದರೆ ಎಸೆ, ಬಾಟಲಿ ಮಾತ್ರ ವಾಪಸು ಕಳಿಸು. ನನ್ನ ಮೊಣಕಾಲು ಹೇಗಿತ್ತೋ ಹಾಗೇ ಇದೆ. ನೀನು ಕೇಳಿಲ್ಲ, ಆದರೂ ಹೇಳಿದ್ದೇನೆ.

ಈಗ ವಿಷಯ. ಕೆಳಗಿನ ಮಹಡಿಯ ಸಬೀನಾಳನ್ನು ನೋಡಿ ನೀನು ಮಾಡಿದ ಗೊಂಬೆ ಬಿಟ್ಟುಹೋದಲ್ಲೇ ಇದೆ, ಅಡುಗೆಮನೆಯ ಶೆಲ್ಫಿನ ಮೇಲೆ, ಗೋಡೆಗೆ ಮುಖ ಮಾಡಿ. ಹಾಗೆ ತಿರುಗಿಸಿಟ್ಟವಳು ನಾನು. ಆ ಕಣ್ಣುಗಳನ್ನು ನೋಡಿಕೊಂಡು ಕಾಫಿ ಕುಡಿಯಲು ನನ್ನಿಂದಾಗುತ್ತಿಲ್ಲ. ನೀನು ಉಳಿದ ಮೂರನ್ನೂ ಡಬ್ಬಕ್ಕೆ ತುಂಬಿಕೊಂಡು, ಇದೊಂದನ್ನು ಬಿಟ್ಟು, "ಪರವಾಗಿಲ್ಲ ಅಜ್ಜಿ, ಬಿಡು" ಎಂದು ಹೊರಟುಹೋದೆ. ಬೈದಿದ್ದರೆ ಆಗುತ್ತಿತ್ತು. ನಾಲ್ಕು ಬೈದು, ಬಾಗಿಲು ಧಡಾರನೆ ಹಾಕಿ ಹೋಗಿದ್ದರೆ ನಾನೂ ನಾಲ್ಕು ಅಂದು ಮುಗಿಸುತ್ತಿದ್ದೆ. "ಪರವಾಗಿಲ್ಲ" ಅಂತೆ. ಇಪ್ಪತ್ತೆರಡನೇ ತಾರೀಖು ನಿನ್ನ ಮೊದಲ ಪ್ರದರ್ಶನ, ಕರೆಯೋಲೆಯಲ್ಲಿ ನಾಲ್ಕು ಗೊಂಬೆ ಎಂದು ಅಚ್ಚು ಹಾಕಿಸಿದ್ದಾರೆ, ಇರುವುದು ಮೂರು. ಅದು ಹೇಗೆ ಪರವಾಗಿಲ್ಲ?

ಗೊಂಬೆಯ ಕಣ್ಣು ಕೆಟ್ಟ ದಿನ ನಾನು ನಿನಗೆ ಹೇಳಿದ್ದು, ಕೈ ಅಭ್ಯಾಸ, ತಿಳಿಯದೇ ಆಗಿಹೋಯಿತು ಎಂದು. ಗೊಂಬೆ ಕಾರ್ಖಾನೆಯಲ್ಲಿ ಕಣ್ಣಿನ ಪಾಪೆಯ ಮೇಲೆ ಒಂದು ಬಿಳಿ ಚುಕ್ಕೆ ಇಡುತ್ತಿದ್ದೆವು, ಚುಕ್ಕೆ ಇಲ್ಲದ ತಲೆಗೆ ಕುರುಡು ತಲೆ ಎಂದು ಹೆಸರು, ಅಂಥದ್ದನ್ನು ಮೇಸ್ತ್ರಿ ಬುಟ್ಟಿಗೆ ಎಸೆಯುತ್ತಿದ್ದ, ಹಾಗಾಗಿ ನಿನ್ನ ಗೊಂಬೆಯ ಕಣ್ಣು ಖಾಲಿ ಕಂಡಾಗ ಕೈ ತಾನೇ ಹೋಯಿತು ಎಂದೆ. ನೀನು ನಂಬಿದೆ. ಕಾರ್ಖಾನೆ ಮುಚ್ಚಿದಾಗ ನೀನು ಹುಟ್ಟಿರಲೇ ಇಲ್ಲ, ನಂಬದೆ ಏನು ಮಾಡುತ್ತೀಯ.

ಇಲಿಂಕಾ, ನಾನು ಆ ಕಾರ್ಖಾನೆಯಲ್ಲಿ ಒಂದು ಕಣ್ಣನ್ನೂ ಬರೆದವಳಲ್ಲ. ನಾನು ಬರೆದದ್ದು ಬಾಯಿ. ಇಪ್ಪತ್ತಾರು ವರ್ಷ ಬರೀ ಬಾಯಿ. ಮೇಲೆ ಎರಡು ಗೀಟು, ಕೆಳಗೆ ಒಂದು, ಮುಂದಿನ ತಲೆ. ಕಣ್ಣು ಬರೆಯುವವರು ಕಿಟಕಿಯ ಪಕ್ಕ ಕೂರುತ್ತಿದ್ದರು, ಅವರಿಗೆ ಹಗಲಿನ ಬೆಳಕು ಬೇಕಲ್ಲ. ಬಾಯಿ ಬರೆಯುವವರು ಒಳಗೆ, ಟ್ಯೂಬ್‌ಲೈಟಿನ ಕೆಳಗೆ. ನಾನೂ ಸಬೀನಾಳೂ ಒಂದೇ ವಾರ ಕೆಲಸಕ್ಕೆ ಸೇರಿದವರು. ಮೇಸ್ತ್ರಿ ಇಬ್ಬರ ಕೈಯನ್ನೂ ಹಿಡಿದು ನೋಡಿ, ಅವಳಿಗೆ "ನೀನು ಕಿಟಕಿಗೆ" ಅಂದ, ನನಗೆ "ನೀನು ಒಳಗೆ. ಬಾಯಿ ಯಾರು ಬೇಕಾದರೂ ಬರೀಬಹುದು" ಅಂದ. ಹದಿನಾಲ್ಕು ವರ್ಷದ ಹುಡುಗಿಗೆ ಹಾಗೆ ಅನ್ನಬಹುದಾ? ಸಬೀನಾ ಹೋಗಿ ಕಿಟಕಿಯ ಪಕ್ಕ ಕೂತಳು. ಮಧ್ಯಾಹ್ನ ಬಿಸಿಲು ಅವಳ ಕೂದಲಿನ ಮೇಲೆ ಬೀಳುತ್ತಿತ್ತು. ನಾನು ಇಪ್ಪತ್ತಾರು ವರ್ಷ ಅದನ್ನು ನೋಡಿದೆ.

ಈಗ ನೀನು ಬಂದೆ. ನಿಮ್ಮ ಮನೆಯಲ್ಲಿ ಜಾಗವಿಲ್ಲ ಎಂದು ನನ್ನ ಅಡುಗೆಮನೆ ಹಿಡಿದೆ. ಭಾನುವಾರದ ಹಳೇ ಸಾಮಾನಿನ ಸಂತೆಯಿಂದ ನಮ್ಮ ಕಾರ್ಖಾನೆಯ ಗೊಂಬೆಗಳನ್ನೇ ಹುಡುಕಿ ತಂದೆ. ಕತ್ತು ಮೆತ್ತಗಾಗಲಿ ಎಂದು ನನ್ನ ಸೂಪಿನ ಪಾತ್ರೆಯಲ್ಲಿ ಬಿಸಿನೀರು ಹಾಕಿ ತಲೆ ಮುಳುಗಿಸಿದೆ. ಮುಚ್ಚಳ ತೆಗೆದರೆ ಮೂರು ತಲೆ ನನ್ನನ್ನು ನೋಡಿ ನಗುತ್ತಿದ್ದವು, ನಾನು ಬರೆದ ನಗು. ಆಮೇಲೆ ನೀನು ಉಗುರುಬಣ್ಣ ತೆಗೆಯುವ ನೀರನ್ನು ಹತ್ತಿಗೆ ಹಾಕಿ ಆ ಬಾಯಿಗಳನ್ನು ಒರೆಸಿಬಿಟ್ಟೆ. ಕೂದಲು ಕಿತ್ತೆ, ಬಿಳಿ ಕೂದಲನ್ನು ಎಳೆ ಎಳೆಯಾಗಿ ಸೂಜಿಯಲ್ಲಿ ನೆಟ್ಟೆ. ಕಾದ ಸೂಜಿಯಿಂದ ಕೆನ್ನೆಯ ಮೇಲೆ ಸುಕ್ಕು ಗೀರಿದೆ. ಒಂದು ಮುಖಕ್ಕೆ ಮೂರು ವಾರ! ನಾವು ದಿನಕ್ಕೆ ನಾನೂರು ಮುಖ ಮುಗಿಸಬೇಕಿತ್ತು. ಕಾರ್ಖಾನೆಯ ಹೆಂಗಸರನ್ನೇ ಕಾರ್ಖಾನೆಯ ಗೊಂಬೆಗಳ ಮೇಲೆ ಬರೆಯುತ್ತೇನೆ ಎಂದೆ ನೀನು. ಮೂವರನ್ನು ಹಳೇ ಫೋಟೋ ನೋಡಿ ಬರೆದೆ, ಅವರೆಲ್ಲ ಸತ್ತವರು, ನನಗೇನೂ ಅನ್ನಿಸಲಿಲ್ಲ. ಬದುಕಿರುವವರಲ್ಲಿ ಎದುರಿಗೆ ಕೂರಿಸಿಕೊಂಡು ಬರೆದದ್ದು ಒಬ್ಬಳನ್ನೇ. ಕೆಳಗಿನ ಮಹಡಿಯ ಸಬೀನಾಳನ್ನು.

ಹನ್ನೊಂದು ಮಧ್ಯಾಹ್ನ ಅವಳು ನನ್ನ ಕುರ್ಚಿಯಲ್ಲಿ ಕೂತಳು. ನನ್ನ ಕಾಫಿ ಕುಡಿದಳು. ನೀನು ಅವಳ ಮುಖವನ್ನು ನೋಡುತ್ತಿದ್ದೆಯಲ್ಲ, ಹಾಗೆ ನನ್ನನ್ನು ಯಾರೂ ನೋಡಿಲ್ಲ, ನಿನ್ನ ತಾತನೂ ಸೇರಿ. "ಸಬೀನಾ ಅಜ್ಜಿ, ಸ್ವಲ್ಪ ಈ ಕಡೆ ತಿರುಗ್ತೀರಾ? ಸಾಕು, ಹಾಗೇ ಇರಿ." ಎಷ್ಟು ಮರ್ಯಾದೆ! ನಾನು ಅಲ್ಲೇ ಒಲೆಯ ಮುಂದೆ ನಿಂತು ಈರುಳ್ಳಿ ಹೆಚ್ಚುತ್ತಿದ್ದೆ. ನನಗೆ ನೀನು ಹೇಳಿದ್ದು, "ಅಜ್ಜಿ, ಬೆಳಕಿಗೆ ಅಡ್ಡ ಬರ್ಬೇಡ."

ಗೊಂಬೆ ಮುಗಿದ ದಿನ ನೀನು ಸ್ಪ್ರೇ ತರಲು ಹೋದಾಗ ನಾನು ಅದನ್ನು ಕೈಗೆತ್ತಿಕೊಂಡೆ. ಸುಳ್ಳು ಹೇಳುವುದಿಲ್ಲ, ಬಾಯಿ ಸರಿಯಾಗಿತ್ತು. ಎಡಗಡೆ ಹಲ್ಲು ಹೋದಲ್ಲಿ ತುಟಿ ತುಸು ಒಳಗೆ ಸರಿದಿತ್ತು, ಮಾತನ್ನು ತಡೆಹಿಡಿದ ಬಾಯಿ. ಅಷ್ಟು ಸಾವಿರ ಬಾಯಿ ಬರೆದ ನನಗೆ ಬಾಯಿಯನ್ನು ಹೀಗೂ ಬರೆಯಬಹುದು ಎಂದು ಗೊತ್ತಿರಲಿಲ್ಲ. ಅಲ್ಲಿಗೇ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಕಣ್ಣಿಗೆ ನೀನು ಬೇಕೆಂದೇ ಚುಕ್ಕೆ ಇಟ್ಟಿರಲಿಲ್ಲ. ಪೊರೆ ಬಂದ ಕಣ್ಣು, ಕೆಳಗೆ ನೋಡುವ ಕಣ್ಣು. ಚುಕ್ಕೆಯಿಲ್ಲದ್ದರಿಂದಲೇ ಅದು ಸಬೀನಾ ಆಗಿತ್ತು. ನನಗೆ ಅದು ಚೆನ್ನಾಗಿ ಗೊತ್ತಾಯಿತು. ಗೊತ್ತಾಗಿಯೇ ರೇಡಿಯೇಟರಿಗೆ ಬಳಿಯುವ ಬಿಳಿ ಬಣ್ಣದ ಡಬ್ಬಿ ತೆಗೆದು, ಬೆಂಕಿಕಡ್ಡಿಯ ತುದಿ ಅದ್ದಿ, ಎರಡು ಕಣ್ಣಿಗೂ ಒತ್ತಿದೆ. ಜೀವಮಾನದಲ್ಲಿ ನಾನು ಮುಟ್ಟಿದ ಮೊದಲ ಕಣ್ಣು. ಬಣ್ಣ ಕೆಳಗೆ ಹರಿಯಿತು. ಒರೆಸಲು ಹೋದೆ, ನಿನ್ನ ಪೆನ್ಸಿಲ್ಲಿನ ಕೆಲಸವೆಲ್ಲ ಬಟ್ಟೆಗೆ ಬಂತು. ಮುಂದಿನದು ನೀನೇ ನೋಡಿದ್ದೀಯ.

ನಿನ್ನೆ ಸಬೀನಾ ಮೇಲೆ ಬಂದಳು. ಗೊಂಬೆಯನ್ನು ತಿರುಗಿಸಿ ಕಿಟಕಿಯ ಹತ್ತಿರ ಒಯ್ದು ಬಹಳ ಹೊತ್ತು ನೋಡಿದಳು. ಆಮೇಲೆ, "ಏನೇ ವೆತುರಿಯಾ, ಡಾಕ್ಟ್ರು ಮಾಡಕ್ಕಾಗದ ಆಪರೇಷನ್ ನೀನು ಮಾಡಿದ್ದೀಯಲ್ಲೇ" ಎಂದು ನಕ್ಕಳು. ನಾನು ಅಭ್ಯಾಸಬಲ ಎಂದೆ. "ಯಾವ ಅಭ್ಯಾಸನೇ? ನೀನು ಬಾಯಿ ಬರೀತಿದ್ದವಳು. ಇದು ಹೊಟ್ಟೆಕಿಚ್ಚು, ಮುದುಕಿ. ನಂಗೇನು ಗೊತ್ತಾಗಲ್ವಾ?" ಅಂದಳು. ನಾನು ಹೊರಗೆ ನಡಿ ಅಂದೆ. ಅವಳು ಹೋಗಲಿಲ್ಲ, ಕೂತು ಕಾಫಿ ಕೇಳಿದಳು, ಕೊಟ್ಟೆ. ಕುಡಿಯುತ್ತಾ ಇನ್ನೊಂದು ಮಾತು ಹೇಳಿದಳು. ಕಿಟಕಿಯ ಬಿಸಿಲಿಗೆ ಕಣ್ಣು ಉರಿಯುತ್ತಿತ್ತಂತೆ, ಒಳಗೆ ನಾವು ಬಾಯಿಯವರು ಹರಟೆ ಹೊಡೆದು ನಗುವುದು ಕೇಳಿ, ತನ್ನನ್ನೂ ಅಲ್ಲಿಗೆ ಹಾಕಿ ಎಂದು ಎರಡು ಸಲ ಮೇಸ್ತ್ರಿಯನ್ನು ಬೇಡಿದ್ದಳಂತೆ. ನಿಜವೋ, ನನ್ನನ್ನು ಸಮಾಧಾನ ಮಾಡಲು ಕಟ್ಟಿದ್ದೋ, ಅವಳನ್ನು ನಂಬುವ ಹಾಗಿಲ್ಲ.

ನಿನಗೆ ಅವಳು ಇನ್ನೊಮ್ಮೆ ಕೂರುತ್ತಾಳಂತೆ. ಸಂತೆಯಲ್ಲಿ ಅದೇ ಅಳತೆಯ ಗೊಂಬೆ ಸಿಕ್ಕಿತು, ತಂದಿದ್ದೇನೆ. ತಲೆ ಬಿಚ್ಚಿ, ಮುಖ ಒರೆಸಿ ಇಟ್ಟಿದ್ದೇನೆ. ಆ ಬಾಯಿಯನ್ನು ನಾನೇ ಒರೆಸಿದೆ. ಇರುವುದು ಹತ್ತೊಂಬತ್ತು ದಿನ, ಮೂರು ವಾರ ಎಂದು ರಾಗ ಎಳೆಯಬೇಡ. ಕೂದಲು ನೆಡಲು ಸಬೀನಾಳ ಮಗಳು ಬರುತ್ತಾಳೆ. ನಾನು ಬೆಳಕಿಗೆ ಅಡ್ಡ ಬರುವುದಿಲ್ಲ.

ದೇವರು ನಿನ್ನ ಕೈಗೆ ಬಲ ಕೊಡಲಿ, ಎದೆಗೆ ಕೆಮ್ಮು ಬಾರದಿರಲಿ. ನಿನ್ನ ಕೋಣೆಯ ಗೆಳತಿಗೂ ನನ್ನ ನೆನಪು ಹೇಳು. ಅವಳ ಹೆಸರು ಮರೆತಿದ್ದೇನೆ.

ನಿನ್ನ ಅಜ್ಜಿ
ವೆತುರಿಯಾ

ಮರೆತೆ. ನಿಮ್ಮಮ್ಮ ಬಸ್ಸಿಗೆ ಹೊತ್ತಾಯಿತು ಎಂದು ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಈಸ್ಟರ್ ಕಳೆದ ವಾರ ನೀನು, "ಅಜ್ಜಿ, ಮೊದಲು ನಿನ್ನನ್ನೇ ಮಾಡ್ಲಾ?" ಎಂದು ಕೇಳಿದ್ದೆ. ನಾನು "ಹೋಗೇ, ನನ್ನ ಮುಖಕ್ಕೇನು ಬಂತು, ಬೇಡ" ಅಂದೆ. ನೀನು "ಸರಿ" ಎಂದು ನೆಟ್ಟಗೆ ಕೆಳಗಿನ ಮಹಡಿಗೆ ಇಳಿದೆ. ಯಾರ ಮನೆಯಲ್ಲಿ ಬೆಳೆದವಳೇ ನೀನು? ಒಂದು ತುಂಡು ಕೇಕು ಮುಂದಿಟ್ಟರೂ ನಾವು ಎರಡು ಸಲ ಬೇಡ ಅನ್ನುತ್ತೇವೆ, ಮೂರನೇ ಸಲಕ್ಕೆ ತಿನ್ನುತ್ತೇವೆ. ಕೇಕಿಗೆ ಮೂರು ಸಲ ಕೇಳುವವರು ಅಜ್ಜಿಯ ಮುಖಕ್ಕೆ ಒಂದೇ ಸಲ ಕೇಳುತ್ತಾರಾ? ಇನ್ನೂ ಎರಡು ಸಲ ಬಾಕಿ ಇದೆ. ಎರಡನೇ ಸಲವೂ ನಾನು ಬೇಡವೇ ಅನ್ನುತ್ತೇನೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ. ಆರನೇ ತಾರೀಖಿನೊಳಗೆ ಉತ್ತರ ಬರಬೇಕು.