ಟ್ರಂಪೆಟ್ ಮಾವನ ಹಲ್ಲು

ಪ್ರೀತಿಯ ಮಾವನಿಗೆ, ಚೋಟುವಿನ ನಮಸ್ಕಾರ.

ಹಾಸ್ಟೆಲಿನಲ್ಲಿ ಕಿಟಕಿ ಪಕ್ಕದ ಮಂಚ ನನಗೇ ಸಿಕ್ಕಿದೆ, ನರ್ಸಿಂಗ್ ತರಗತಿ ಶುರುವಾಗಿದೆ, ಊಟ ಪರವಾಗಿಲ್ಲ. ಅತ್ತೆಗೆ ಓದಿ ಹೇಳಬೇಕಾದ್ದು ಇಷ್ಟೇ. ಉಳಿದದ್ದು ನಿನಗೆ. ನೀನು ಹಲ್ಲು ಕ್ಲೀನ್ ಮಾಡಿಸಿ ಆರು ತಿಂಗಳಾಯಿತು. ಮತ್ತೆ ಹೋಗಬೇಕು. ಈ ಸಲ ಎಳೆದುಕೊಂಡು ಹೋಗಲು ನಾನಿಲ್ಲ, ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಿದರೆ "ಹ್ಞೂಂ, ನೋಡೋಣ" ಎಂದು ಅತ್ತೆಯ ಕೈಗೆ ಕೊಟ್ಟು ಜಾರಿಕೊಳ್ಳುತ್ತೀಯ.

ಅಮ್ಮ ಹೋದ ಮೇಲೆ ನಿಮ್ಮ ಮನೆಗೆ ಬಂದ ನನಗೆ ನೀನು ಒಪ್ಪಿಸಿದ ಮೊದಲ ಕೆಲಸ ಟ್ರಂಪೆಟ್ ಒರೆಸುವುದು. ಅದು ಕೆಲಸವಲ್ಲ, ಅಳುವ ಹುಡುಗಿಯ ಕೈಗೆ ಏನಾದರೂ ಇರಲಿ ಎಂದು ಕೊಟ್ಟದ್ದು ಅಂತ ನನಗೆ ಆಗಲೇ ಗೊತ್ತಿತ್ತು. ದೊಡ್ಡವಳಾದ ಮೇಲೂ ಬಿಡಲಿಲ್ಲ. ಹಾಗೆ ಒರೆಸುವಾಗಲೇ ಬಾಯಿಗಿಡುವ ತುದಿಯಲ್ಲಿ ಕೆಂಪು ಕಂಡದ್ದು. ಕೇಳಿದರೆ ಬೀಟ್‌ರೂಟ್ ತಿಂದೆ ಎಂದೆ. "ಈ ಮನೆಗೆ ಬೀಟ್‌ರೂಟ್ ಬಂದು ವರ್ಷ ಆಯ್ತಲ್ರೀ, ಅದೆಲ್ಲಿ ತಿಂದ್ರಿ?" ಎಂದು ಅತ್ತೆ ಅಡುಗೆಮನೆಯಿಂದಲೇ ಕೂಗಿದಳು. ಅದು ವಸಡಿನ ರಕ್ತ. ಬ್ಯಾಂಡಿನವನಿಗೆ ಹಲ್ಲು ಅಲ್ಲಾಡಿದರೆ ತುಟಿ ನಿಲ್ಲುವುದಿಲ್ಲ, ತುಟಿ ನಿಲ್ಲದಿದ್ದರೆ ಸ್ವರವಿಲ್ಲ. ನಿನಗೆ ಭಯವಾಗಿತ್ತು.

ಆ ಗಾಜಿನ ಬಾಗಿಲಿನ ಕ್ಲಿನಿಕ್ ನೆನಪಿದೆಯಾ? ಮೀನಿನ ತೊಟ್ಟಿ, ಮೆತ್ತನೆ ಸೋಫಾ. ಕೌಂಟರಿನವಳು ಮೊದಲು ಎಕ್ಸ್‌ರೇ, ಆಮೇಲೆ ಕ್ಲೀನಿಂಗ್, ಪಾಲಿಶ್‌ಗೆ ಬೇರೆ, ಬಿಳಿ ಮಾಡುವುದಕ್ಕೆ ಇನ್ನೂ ಬೇರೆ ಎನ್ನುತ್ತ ಹೋದಳು. ಕೂಡಿದರೆ ನಮ್ಮ ಮನೆ ಬಾಡಿಗೆಯನ್ನೂ ದಾಟುತ್ತಿತ್ತು. "ಅಲ್ಲಮ್ಮ, ಇಷ್ಟಕ್ಕೆ ಹಲ್ಲು ತೊಳೀತೀರೋ, ಹೊಸ ಬಾಯೇ ಕೊಡ್ತೀರೋ?" ಎಂದು ಎದ್ದು ಬಂದೆಯಲ್ಲ, ಮೀನು ನೋಡುತ್ತ ಕೂತಿದ್ದವರೆಲ್ಲ ನಕ್ಕರು. 

ಆಮೇಲೆ ನಾನು ಸಿಕ್ಕ ಸಿಕ್ಕ ಕ್ಲಿನಿಕ್ಕಿಗೆಲ್ಲ ಫೋನ್ ಮಾಡಿದೆ. ಕಡಿಮೆ ಹೇಳಿದವರ ಹತ್ತಿರ "ಎಲ್ಲಾ ಸೇರಿ ಎಷ್ಟು?" ಎಂದು ಕೇಳಿದರೆ ಸಾಕು, ರೇಟು ಮೆಟ್ಟಿಲು ಹತ್ತುತ್ತಿತ್ತು. ಒಬ್ಬ ವಯಸ್ಸಾದ ಡಾಕ್ಟರಮ್ಮ ಮಾತ್ರ ನೇರವಾಗಿ ಹೇಳಿದರು: "ಬಿಳಿ ಮಾಡಿಸೋದೆಲ್ಲ ಬೇಡಮ್ಮ, ಪಾಚಿ ತೆಗೆಸಿದ್ರೆ ಸಾಕು. ಡೆಂಟಲ್ ಕಾಲೇಜಿಗೆ ಕರ್ಕೊಂಡು ಹೋಗು. ಕಲಿಯೋ ಮಕ್ಕಳು ಮಾಡ್ತಾರೆ, ಮೇಷ್ಟ್ರು ನಿಂತು ನೋಡ್ತಾರೆ. ಹೊತ್ತು ಹಿಡಿಯುತ್ತೆ, ಅಷ್ಟೇ." ನೀನು ಕೇಳಿ ಸಿಡಿದೆ. "ನನ್ನ ಬಾಯೇನು ಅವರ ಕಾಪಿ ಪುಸ್ತಕವಾ?"

ಆದರೂ ಬಂದೆ. ಸಾಲಾಗಿ ಕುರ್ಚಿಗಳು, ಪ್ರತಿ ಕುರ್ಚಿಯಲ್ಲೂ ಬಾಯಿ ತೆರೆದ ಒಬ್ಬರು. ನಿನ್ನ ಪಾಲಿಗೆ ಬಂದವಳು ದಪ್ಪ ಕನ್ನಡಕದ ಹುಡುಗಿ. ಬೆಳಗ್ಗೆ ಶುರು ಮಾಡಿದವಳು ಮಧ್ಯಾಹ್ನದವರೆಗೂ ಬಗ್ಗಿದ ಕತ್ತು ಎತ್ತಲಿಲ್ಲ. ಮೇಷ್ಟ್ರು ಬಂದು ಬೆಳಕು ಬಿಟ್ಟು ನೋಡಿ, ಕೆಳಗಿನ ಮುಂದಿನ ಹಲ್ಲಿನ ಹಿಂದೆ ಇನ್ನೂ ಇದೆ ಎಂದಾಗ ಮತ್ತೆ ಕೂತಳು. ಇಬ್ಬರು ಹೋಟೆಲಿನಲ್ಲಿ ಕಾಫಿ ತಿಂಡಿ ಮಾಡಿದಷ್ಟೂ ಖರ್ಚಾಗಲಿಲ್ಲ. ನಾನು ಗೆದ್ದೆನೆಂದುಕೊಂಡೆ.

ಸಂಜೆ ನೀನು ಟ್ರಂಪೆಟ್ ಎತ್ತಿದೆ. ಸ್ವರ ಬರಲಿಲ್ಲ, ಪಂಚರ್ ಆದ ಸೈಕಲ್ ಚಕ್ರದ ಹಾಗೆ ಗಾಳಿ ಸುಯ್ಯೆಂದಿತು. ಕನ್ನಡಿಯೆದುರು ಹೋಗಿ ನೋಡಿದೆ. ಹಲ್ಲುಗಳ ನಡುವೆ ಹೊಸ ಸಂದುಗಳು. ನೀನು ಕೂಗಾಡಲಿಲ್ಲ. "ಅಗ್ಗ ಅಂತ ಹೋಗಿ ನನ್ನ ಅನ್ನ ಕಿತ್ಕೊಂಡ್ಬಿಟ್ಟೆಯಲ್ಲೇ ಚೋಟು" ಎಂದೆ, ಅಷ್ಟೇ. ಆ ವಾರದ ಮದುವೆಗೆ ಬ್ಯಾಂಡ್ ಮಾಸ್ಟರು ಬೇರೆಯವನನ್ನು ಕರೆದರು. ಮಾವ, ನಾನು ಅವತ್ತು ನಿನ್ನ ಮುಂದೆ ಅಳಲಿಲ್ಲ. ಆ ಮನೆಯಲ್ಲಿ ನಾನು ಬಂದು ಸೇರಿಕೊಂಡವಳು ಎಂದು ಅನ್ನಿಸಿದ್ದು ಅದೊಂದೇ ಸಲ.

ಕನ್ನಡಕದ ಹುಡುಗಿ ತಾನಾಗಿಯೇ ಫೋನ್ ಮಾಡಿ ವಿಚಾರಿಸಿದಳು. ವಿಷಯ ಕೇಳಿ ಗಾಬರಿಯಾಗಿ, "ಟ್ರಂಪೆಟ್ ತಗೊಂಡೇ ಬರೋಕೆ ಹೇಳಿ" ಎಂದಳು. ಅತ್ತೆ ಬೈದು ಬೈದು ನಿನ್ನನ್ನು ಹೊರಡಿಸಿದಳು. ಅಷ್ಟು ಜನ ರೋಗಿಗಳ ನಡುವೆ ನೀನು ಊದಿದೆ, ಮತ್ತೆ ಅದೇ ಸುಯ್. ಮೇಷ್ಟ್ರು ನಗಲಿಲ್ಲ. ವಸಡು ಒತ್ತಿ ನೋಡಿ, "ಇಷ್ಟು ದಿನ ಸಂದಿನಲ್ಲಿ ಪಾಚಿ ಕಲ್ಲಾಗಿ ತುಂಬಿಕೊಂಡಿತ್ತು ಯಜಮಾನ್ರೇ. ಹಾಗೇ ಬಿಟ್ಟಿದ್ರೆ ಹಲ್ಲೇ ಉದುರ್ತಿತ್ತು. ಊತ ಇಳಿದು ವಸಡು ಬಿಗಿಯಾಗ್ಲಿ, ಅಲ್ಲೀವರೆಗೆ ಮೆಲ್ಲಗೆ ಊದಿ. ತುಟಿಗೆ ಹೊಸ ಜಾಗ ಅಭ್ಯಾಸ ಆಗ್ಬೇಕು" ಎಂದರು.

ನೀನು ಮಹಡಿಯ ಮೆಟ್ಟಿಲ ಮೇಲೆ ಕೂತು ಒಂದೇ ಸ್ವರ ಊದತೊಡಗಿದೆ, ಹೊಸದಾಗಿ ಕಲಿಯುವವನ ಹಾಗೆ. ಮೇಲಿನ ಮನೆಯವರು, "ಹಸುಗೆ ಹುಷಾರಿಲ್ವಾ?" ಎಂದು ಕೇಳಿದರು. ನೀನು ಊದುತ್ತಲೇ ಇದ್ದೆ. ವಾರಗಳು ಕಳೆದವು. ಒಂದು ಬೆಳಗ್ಗೆ ನಾನು ಬಟ್ಟೆ ಹಿಂಡುತ್ತಿದ್ದಾಗ ಸ್ವರ ಎದ್ದು ಬಂತು, ಒಡಕಿಲ್ಲದೆ, ತುಂಬಿಕೊಂಡು. ಕೈಯಲ್ಲಿದ್ದ ಬಟ್ಟೆಯಿಂದ ನೀರು ಸುರಿಯುತ್ತಲೇ ಇತ್ತು, ನಾನು ಕೇಳುತ್ತ ನಿಂತೆ. ನೀನು ಇಳಿದು ಬಂದು ಕಾಫಿ ಕೇಳಿದೆ. ಅವತ್ತು ಆಡಿದ ಮಾತಿನ ಬಗ್ಗೆ ಏನೂ ಹೇಳಲಿಲ್ಲ. 

ಬೆಳಗ್ಗೆ ಇಲ್ಲಿಯವರೆಗೆ ಬರೆದು, ಕಾಲೇಜಿಗೆ ಮತ್ತೆ ಹೋಗು, ಆಗಾಗ ಹೋದರೆ ಕೆಲಸವೂ ಕಡಿಮೆ, ಖರ್ಚೂ ಕಡಿಮೆ ಎಂದು ಬುದ್ಧಿ ಹೇಳಲು ಹೊರಟಿದ್ದೆ. ಅಷ್ಟರಲ್ಲಿ ಅತ್ತೆಯ ಫೋನ್ ಬಂತು. ನಿನ್ನೆ ನೀನು ಹೋಗಿ ಬಂದೆಯಂತೆ! ಒಬ್ಬನೇ ಅಲ್ಲ, ಇಡೀ ಬ್ಯಾಂಡನ್ನು ಕರೆದುಕೊಂಡು. ಹಲ್ಲಿನಿಂದ ನನಗೇನು ಕೆಲಸ ಎನ್ನುವ ಡ್ರಮ್ಮಿನವನನ್ನೂ ಬಿಡದೆ ಕುರ್ಚಿಗೆ ಕೂರಿಸಿದೆಯಂತೆ. ಅವನು ಹೆದರಿ, ಇದು ಯಾರು ಹೇಳಿದ ಆಸ್ಪತ್ರೆ ಎಂದು ಕೇಳಿದ್ದಕ್ಕೆ, "ನಮ್ಮ ಮನೆ ಹುಡುಗಿ ಹುಡುಕಿದ್ದು ಕಣೋ. ಅವಳಿಲ್ದಿದ್ರೆ ಇವತ್ತು ನಾನು ಬರೀ ಟ್ರಂಪೆಟ್ ಹೊತ್ಕೊಂಡು ತಿರುಗ್ತಿದ್ದೆ" ಎಂದೆಯಂತೆ.

ಅತ್ತೆ ಅದನ್ನು ಎರಡು ಸಲ ಹೇಳಿದಳು, ಮಾವ. ಕೇಳಿಸಲಿಲ್ಲ ಎಂದು ಸುಳ್ಳು ಹೇಳಿ ನಾನು ಇನ್ನೊಂದು ಸಲ ಹೇಳಿಸಿದೆ.

ನಿನ್ನ ವಸಡು ಗಟ್ಟಿಯಾಗಿರಲಿ, ಎದೆ ತುಂಬ ಉಸಿರಿರಲಿ.

ನಿಮ್ಮ ಮನೆ ಹುಡುಗಿ,
ಚೋಟು